ದೊಣೆಯ ಪಾಚಿಗೆ ನೀರು ಸಾಕು

ಪಾಚಿ ಹುಡುಕುವುದು ನನ್ನ ಕೆಲಸ ಎಂದರೆ ನೆಂಟರು ಈಗಲೂ ನಗುತ್ತಾರೆ. "ನಮ್ಮ ಬಚ್ಚಲಿಗೆ ಬಾರೇ, ಬೇಕಾದಷ್ಟೈತೆ" ಅನ್ನುತ್ತಾರೆ. ನಗಲಿ ಬಿಡಿ. ಅಪರೂಪದ ಪಾಚಿಗಳು ಎಲ್ಲೆಲ್ಲಿ ಉಳಿದಿವೆ ಎಂದು ನೋಡುತ್ತಾ ಹಿರಿಯೂರು, ಹೊಸದುರ್ಗದ ಕಲ್ಲುಗುಡ್ಡಗಳನ್ನೆಲ್ಲ ಅಲೆದಿದ್ದೆ. ಒಂದು ಜಾತಿ ಮಾತ್ರ ಒಂದೇ ಕಡೆ ಸಿಕ್ಕಿತ್ತು. ತಾಳ್ಯದಾಚೆಯ ಗುಡ್ಡದ ಮೇಲೆ, ಬಂಡೆಯ ನಡುವೆ ಮಳೆನೀರು ನಿಲ್ಲುವ ದೊಣೆಯ ಅಂಚಿನಲ್ಲಿ, ಅಂಗೈಯಗಲ. ಬೇಸಿಗೆಯಲ್ಲಿ ಅದು ಒಣಗಿ ಕರಿ ಹಕ್ಕಳೆಯಂತಾಗುತ್ತದೆ, ಕಣ್ಣಿಗೇ ಬೀಳುವುದಿಲ್ಲ. ಗುರುತಿಗೆಂದು ಸುತ್ತ ಬಿಳಿ ಬಣ್ಣದಲ್ಲಿ ದುಂಡಗೆ ಗೆರೆ ಎಳೆದು ಬಂದಿದ್ದೆ.

ಯುಗಾದಿ ಹತ್ತಿರವಿತ್ತು. ತಾಳ್ಯದಲ್ಲಿ ಬಸ್ಸಿಳಿದು ಚಹಾ ಕುಡಿಯುತ್ತಿದ್ದಾಗ ಅಂಗಡಿಯವನು, "ಗುಡ್ಡಕ್ಕಾ ಮೇಡಂ? ಇವತ್ತು ಊರೋರೆಲ್ಲ ಅಲ್ಲೇ ಅವ್ರೆ. ಹಬ್ಬಕ್ಕೆ ದೊಣೆ ತಿಕ್ಕಿ ತೊಳಿತಾರಲ್ರೀ" ಎಂದ.

ತಿಕ್ಕುವುದೆಂದರೆ ತೆಂಗಿನ ನಾರು, ಪೊರಕೆ, ಮೇಲೊಂದಿಷ್ಟು ಸುಣ್ಣ. ಇರುವುದೇ ಅಷ್ಟು, ಅದೂ ಹೋದರೆ? ಚಹಾ ಅಲ್ಲೇ ಬಿಟ್ಟು, ಊರವರ ಶುಚಿಯನ್ನು ಬಾಯಿಗೆ ಬಂದಂತೆ ಬೈಯುತ್ತಾ ಗುಡ್ಡ ಹತ್ತಿದೆ.

ನೋಡಿದರೆ ಬಂಡೆಯೆಲ್ಲ ಫಳಫಳ ಎನ್ನುತ್ತಿದೆ, ನನ್ನ ಗೆರೆಯೊಳಗೆ ಮಾತ್ರ ಪಾಚಿ ಹಾಗೇ ಇದೆ! ಗೆರೆಯ ಮೇಲೆ ಅರಿಸಿನ, ಕುಂಕುಮ, ಕಣಗಿಲೆ ಹೂವು ಬೇರೆ.

"ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ" ಎಂದರು ಒಬ್ಬ ಅಜ್ಜಿ. "ಯಾರೋ ಸ್ವಾಮಿಗಳು ಬರೆದಿರ್ಬೇಕು ಅಂತ ಇದೊಂದು ಮುಟ್ಟಿಲ್ಲ."

ಅಬ್ಬಾ, ಹೋದ ಜೀವ ಬಂದಂತಾಯಿತು. ಅಲ್ಲೇ ಕುಕ್ಕರಿಸಿದೆ. ಅಷ್ಟರಲ್ಲಿ ಅಜ್ಜಿ ಎಣ್ಣೆ ಬಟ್ಟಲು ಎತ್ತಿ ಪಾಚಿಯ ಮೇಲೆ ಬಗ್ಗಿದರು.

"ಅಯ್ಯಯ್ಯೋ, ಎಣ್ಣೆ ಬೇಡ ಅಜ್ಜಿ, ಸತ್ತೋಗುತ್ತೆ!" ಎಂದು ಕೈ ಹಿಡಿದೆ. "ಗೆರೆ ಬರೆದಿದ್ದು ನಾನೇ. ಇದು ಪಾಚಿ. ಇಲ್ಲಿ ಬಿಟ್ಟರೆ ನನಗೆ ಇನ್ನೆಲ್ಲೂ ಸಿಕ್ಕಿಲ್ಲ."

"ಪಾಚಿಗಾ ನಾವು ಹೂವ ಏರ್ಸಿದ್ದು?" ಅಜ್ಜಿ ನನ್ನನ್ನೇ ದುರುಗುಟ್ಟಿ ನೋಡಿದರು. ಎಲ್ಲರೂ ಗೊಳ್ಳೆಂದು ನಕ್ಕರು. ಅಜ್ಜಿಯ ಮಗ, "ಪಾಚಿ ಅಂದ್ರೆ ಕಾಲು ಜಾರ್ತೈತೆ, ತೆಗೆದ್ಬಿಡಾಣ" ಎಂದು ಪೊರಕೆ ಹಿಡಿದು ಬಂದೇ ಬಿಟ್ಟ.

ಬಾಟಲಿಯ ನೀರನ್ನು ಪಾಚಿಯ ಮೇಲೆ ಸುರಿದೆ. ಮುದುಡಿದ್ದ ಕರಿ ಎಳೆಗಳು ನಮ್ಮ ಕಣ್ಣೆದುರೇ ಒಂದೊಂದಾಗಿ ಬಿಚ್ಚಿ ಹಸಿರಾದವು. ನಗು ನಿಂತಿತು. ಅಜ್ಜಿ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ, ಮಗನ ಪೊರಕೆಯನ್ನು ಪಕ್ಕಕ್ಕೆ ತಳ್ಳಿದರು.

"ಲೇ, ಆ ಕಡೆ ತಿಕ್ಕೋಗು. ಇಲ್ಲಿ ಜೀವ ಐತೆ."