ಹಿಂದಿನ ಸಾಲಿನ ಹಾಡು

ವಿಶ್ವವಿದ್ಯಾಲಯದ ಹೊಲಿಗೆ ಕೋಣೆಯಲ್ಲಿ ಪದವೀಧರರ ಕಪ್ಪು ಗೌನುಗಳನ್ನು ಹೊಲಿಯುತ್ತಿದ್ದುದರಿಂದ ಆಕೆಗೆ ಗೌನಕ್ಕ ಎಂದೇ ಹೆಸರು ಬಿದ್ದಿತ್ತು. ಊಟದ ವಿರಾಮದಲ್ಲಿ ಅಲ್ಲಿನ ನೌಕರರ ಗಾಯನವೃಂದದ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಿದ್ದಳು. ಹಾಡುತ್ತಿದ್ದಳು ಎಂದರೆ ಸುಳ್ಳಾದೀತು. ಸೇರಿದ ವಾರವೇ ವೃಂದದ ಮೇಷ್ಟ್ರು ಪಕ್ಕಕ್ಕೆ ಕರೆದು, "ಅಕ್ಕಾ, ನಿಮ್ಮ ಶ್ರುತಿ ಸ್ವಲ್ಪ ಆಚೀಚೆ. ಬಾಯಾಡಿಸಿ ಸಾಕು. ಯಾರಿಗೂ ಹೇಳ್ಬೇಡಿ," ಎಂದಿದ್ದರು. ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮನೆಯಲ್ಲಿ ಮಾತ್ರ ವೃಂದವೇ ತನ್ನ ಮೇಲೆ ನಿಂತಿದೆ ಎಂಬಂತೆ ಜಂಬ ಕೊಚ್ಚುತ್ತಿದ್ದಳು.

ಈ ವರ್ಷ ಮಗಳಿಗೇ ಪದವಿ. ಸಮಾರಂಭಕ್ಕೆಂದು ಸಂಗೀತ ಸಂಯೋಜಕಿಯೊಬ್ಬರು ವಾದ್ಯಮೇಳವೂ ಗಾಯನವೂ ಸೇರಿದ ಹೊಸ ಕೃತಿ ಬರೆದುಕೊಟ್ಟಿದ್ದರು. ಅದರ ನಡುವೆ ವಾದ್ಯಗಳೆಲ್ಲ ನಿಂತು, ಹಿಂದಿನ ಸಾಲಿನವರಷ್ಟೇ ಒಂದು ಚರಣ ಹಾಡಬೇಕು.

"ಅಮ್ಮಾ, ಇಷ್ಟು ವರ್ಷ ಆ ಗುಂಪಲ್ಲಿ ನಿನ್ನ ದನಿ ಯಾವುದು ಅಂತ ಗೊತ್ತೇ ಆಗ್ಲಿಲ್ಲ. ಈ ಸಲ ಕಿವಿಗೊಟ್ಟು ಕೂತಿರ್ತೀನಿ," ಎಂದಳು ಮಗಳು. ಗೌನಕ್ಕ ಮಾತು ಮರೆಸಲು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಅಭ್ಯಾಸದಲ್ಲೇನೋ ಚರಣ ಸೊಗಸಾಗಿ ಬರುತ್ತಿತ್ತು. ಕಲಿಸುವ ನೆಪದಲ್ಲಿ ಮೇಷ್ಟ್ರು ಬೆನ್ನಿಗೇ ನಿಂತು ತಾವೂ ಗಟ್ಟಿಯಾಗಿ ಹಾಡುತ್ತಿದ್ದರಲ್ಲ. ಆದರೆ ಸಮಾರಂಭದ ದಿನ ಮೇಳ ನಡೆಸಲು ಸಂಯೋಜಕಿಯೇ ಬಂದರು. ಮೇಷ್ಟ್ರನ್ನು ಮರ್ಯಾದೆಯಿಂದ ಅತಿಥಿಗಳ ಜೊತೆ ಕೂರಿಸಿಬಿಟ್ಟರು.

ವಾದ್ಯಗಳು ನಿಂತವು. ಸಂಯೋಜಕಿ ಹಿಂದಿನ ಸಾಲಿಗೆ ಕೈ ತೋರಿದರು. ಎಲ್ಲರೂ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಪಿಟ್ಟೆಂಬ ಸದ್ದಿಲ್ಲ. ಗೌನಕ್ಕ ಎಡಕ್ಕೆ ನೋಡಿದರೆ ಗ್ರಂಥಪಾಲಕ ಮೀನಿನಂತೆ ಬಾಯಾಡಿಸುತ್ತಿದ್ದ. ಬಲಕ್ಕೆ ನೋಡಿದರೆ ತೋಟದ ಮೇಲ್ವಿಚಾರಕಿಯದೂ ಅದೇ ಕಥೆ. ಮೇಷ್ಟ್ರೆಂಬ ಪುಣ್ಯಾತ್ಮರು ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಅದೇ ಗುಟ್ಟು ಹೇಳಿದ್ದರು. ಈಗ ಅತಿಥಿಗಳ ನಡುವೆ ಅವರ ಮುಖ ಬಿಳಿಚಿಕೊಂಡಿತ್ತು.

ಕಪ್ಪು ಗೌನುಗಳ ಮಧ್ಯೆ ಮಗಳು ಕತ್ತು ಚಾಚಿ ಕಾಯುತ್ತಿದ್ದಳು. ಆದದ್ದಾಗಲಿ ಎಂದು ಗೌನಕ್ಕ ಹಾಡಿಯೇಬಿಟ್ಟಳು. ದನಿ ಏರಬೇಕಾದ ಕಡೆ ಮೊಂಡು ಹಿಡಿದು ಕೂತಿತು. ಸ್ವಲ್ಪ ಹೊತ್ತಿಗೆ ಗ್ರಂಥಪಾಲಕನೂ ಸೇರಿದ, ಆಮೇಲೆ ಉಳಿದವರೂ. ಯಾರ ಶ್ರುತಿಗೂ ಯಾರ ಹಂಗೂ ಇರಲಿಲ್ಲ. ಸಭೆ ನಕ್ಕಿತು. ಗೌನಕ್ಕನಿಗೆ ನಾಚಿಕೆಯಾಯಿತು, ಹಿಂದೆಂದೂ ಆಗದಷ್ಟು ಖುಷಿಯೂ ಆಯಿತು.

ಮುಗಿದ ಮೇಲೆ ಬಾಗಿಲ ಬಳಿ ಮಗಳು ಸಿಕ್ಕಳು. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಅಮ್ಮಾ, ಶ್ರುತಿ ಪೂರ್ತಿ ತಪ್ಪಿತ್ತು."

"ತಪ್ಪಲಿ ಬಿಡೇ. ಕೇಳಿಸ್ತೋ ಇಲ್ವೋ, ಅದು ಹೇಳು."

"ಯಾರಪ್ಪಾ ಇದು ಅಂತ ಪಕ್ಕದವಳು ಮೂಗು ಮುರಿದ್ಲು. ನಾನು ಎದ್ದು ನಿಂತು, ನಮ್ಮಮ್ಮ ಅಂದೆ."