ಲಿನನ್ ರೂಮಿನ ಅತಿಥಿಗಳು

ಎರಡು ಸಾವಿರದ ಹತ್ತರ ಆಚೀಚೆ, ಠಾಣೆಯ ನಮ್ಮ ಕಾಲೇಜಿನಲ್ಲಿ ಪ್ರವಾಸೋದ್ಯಮ ಮತ್ತು ಆತಿಥ್ಯ ನಿರ್ವಹಣೆಯ ಮೂರು ವರ್ಷದ ಪದವಿ ಮುಗಿಸಿದವರಿಗೆ ಎರಡು ದಾರಿಗಳಿದ್ದವು. ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕವರು ಟೈ ಕಟ್ಟಿಕೊಂಡು ಹೋದರು. ಸಿಗದ ನಾಲ್ವರು ವಿದ್ವಾಂಸರಾದೆವು. ಕಾಲೇಜಿಗೆ ಯಾವುದೋ ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದವಿತ್ತು. ಇನ್ನೊಂದು ವರ್ಷ ಸಂಶೋಧನೆ ಮಾಡಿ ಪ್ರಬಂಧ ಬರೆದರೆ ಪದವಿಗೆ ‘ಆನರ್ಸ್’ ಎಂಬ ಬಾಲ ಅಂಟುತ್ತಿತ್ತು. ಇಂಟರ್‌ವ್ಯೂಗೆ ಬಂದಿದ್ದ ಹೋಟೆಲಿನವರು ‘ಮುಖದಲ್ಲಿ ಆತಿಥ್ಯ ಕಾಣುವುದಿಲ್ಲ’ ಎಂದು ನನ್ನನ್ನು ವಾಪಸು ಕಳಿಸಿದ್ದರು. ಹೀಗಾಗಿ ಆತಿಥ್ಯದ ಬಗ್ಗೆ ಸಂಶೋಧನೆ ಮಾಡಲು ನನಗಿಂತ ಯೋಗ್ಯರು ಇನ್ನಾರೂ ಇರಲಿಲ್ಲ.

ನಮ್ಮದು ವಿಜಾಪುರ ಕಡೆಯ ಮನೆತನ, ಇದ್ದದ್ದು ಕೋಪರಖೈರಣೆಯಲ್ಲಿ. ಅಪ್ಪ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ವ್ಯಾಪಾರಿಯೊಬ್ಬರ ಗುಮಾಸ್ತ. ಸಂಶೋಧನೆಯ ಸುದ್ದಿ ಕೇಳಿ ಅವರು ಲೆಕ್ಕದ ಪುಸ್ತಕ ಬದಿಗಿಟ್ಟರು.

“ಹೋಟೆಲ್‌ಗೆ ಮಂದಿ ಬರ್ತಾರ, ಉಣ್ತಾರ, ಮಲಗ್ತಾರ, ಎದ್ದು ಹೋಗ್ತಾರ. ಇದರಾಗ ವರ್ಷಗಟ್ಟಲೆ ಹುಡುಕೂದು ಏನೈತವಾ?”

“ಪಪ್ಪಾ, ಆಪ್ ನಹೀ ಸಮಝೋಗೆ,” ಎಂದೆ, ಅದು ಅವರಿಗೆ ತಿಳಿಯುವಂಥದ್ದಲ್ಲ ಎಂಬಂತೆ. ಆಗೆಲ್ಲ ನಾನು ಅವರ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದೆ. ನಿಜ ಹೇಳಬೇಕೆಂದರೆ, ಹುಡುಕಬೇಕಾದದ್ದು ಏನೆಂದು ನನಗೂ ತಿಳಿದಿರಲಿಲ್ಲ.

ತಿಳಿದಿದ್ದದ್ದು ನನ್ನ ಸಂಶೋಧನೆಗೆ ಮಾರ್ಗದರ್ಶಕರಾದ ಗೈಡ್ ಸರ್‌ಗೆ ಮಾತ್ರ. ಅವರು ಜೀವಮಾನದಲ್ಲಿ ಒಂದು ಹೋಟೆಲನ್ನೂ ನಡೆಸಿದವರಲ್ಲ. ಅದರಿಂದಲೇ ಏನೋ, ಹೋಟೆಲುಗಳ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ‘ವ್ಯಾವಹಾರಿಕ ಪ್ರವಾಸಿಗರ ತೃಪ್ತಿಯ ನಿರ್ಣಾಯಕ ಅಂಶಗಳು’ ಎಂಬ ವಿಷಯ ಕೊಟ್ಟು, ರಬಾಳೆಯ ಕೈಗಾರಿಕಾ ಪ್ರದೇಶದ ಒಂದು ಹೋಟೆಲಿಗೆ ಪತ್ರ ಬರೆದುಕೊಟ್ಟರು.

ಕಾರ್ಖಾನೆಗಳಿಗೆ ಯಂತ್ರ ರಿಪೇರಿಗೋ ಆಡಿಟ್ಟಿಗೋ ಬಂದವರು ಎರಡು ದಿನ ಉಳಿದು ಹೋಗುವ ಹೋಟೆಲು ಅದು. ಕುಂಡದಲ್ಲಿದ್ದ ಎರಡು ತಾಳೆ ಗಿಡಗಳ ಬಲದ ಮೇಲೆ ಅರ್ಧ ಕೋಣೆಗಳಿಗೆ ‘ಗಾರ್ಡನ್ ವ್ಯೂ’ ಎಂಬ ಹೆಸರಿತ್ತು. ಪ್ರಶ್ನಾವಳಿ ಹಿಡಿದು ಮೊದಲ ದಿನ ಲಾಬಿಯಲ್ಲಿ ನಿಂತೆ. ಒಬ್ಬರು ಚಹಾ ಕಳಿಸು ಎಂದರು. ಇನ್ನೊಬ್ಬರು ಅಂಗಿಗಳ ಗಂಟನ್ನು ನನ್ನ ಕೈಗಿಟ್ಟು, ಇಸ್ತ್ರಿ ಗಟ್ಟಿಯಾಗಿ ಬೀಳಲಿ ಎಂದರು. ಒಂದು ವಾರದಲ್ಲಿ ಭರ್ತಿಯಾದ ಪ್ರಶ್ನಾವಳಿ ಒಂದೇ. ಅದರಲ್ಲೂ ‘ನಿಮ್ಮ ಪ್ರವಾಸದ ಉದ್ದೇಶ’ ಎಂಬಲ್ಲಿ ‘ಬಾಸ್’ ಎಂದಷ್ಟೇ ಬರೆದಿತ್ತು.

ಮ್ಯಾನೇಜರ್‌ಗೆ ನನ್ನ ಮೇಲೆ ಕನಿಕರ ಹುಟ್ಟಿತೋ, ನಾನು ಲಾಬಿಯಿಂದ ತೊಲಗಿದರೆ ಸಾಕೆನಿಸಿತೋ, ಮೂರು ವರ್ಷಗಳ ಅತಿಥಿ ಅಭಿಪ್ರಾಯದ ಕಾರ್ಡುಗಳೆಲ್ಲ ಲಿನನ್ ರೂಮಿನಲ್ಲಿವೆ, ಅಲ್ಲೇ ಕೂತು ಓದು ಎಂದರು. ಲಿನನ್ ರೂಮೆಂದರೆ ನೆಲಮಾಳಿಗೆಯಲ್ಲಿ ಚಾದರ, ಟವೆಲು ಜೋಡಿಸಿಡುವ ಕೋಣೆ. ಅದು ಮುಂಬಯಿ ರೂಢಿಯಂತೆ ಎಲ್ಲರೂ ‘ಬಾಯಿ’ ಎಂದೇ ಕರೆಯುತ್ತಿದ್ದ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಅಮ್ಮನ ರಾಜ್ಯ. ಐವತ್ತು ದಾಟಿದ್ದ ಹೆಂಗಸು, ಕುಂದಾಪುರ ಕಡೆಯವರು, ದಿನಾ ಡೊಂಬಿವಲಿಯಿಂದ ಠಾಣೆಗೆ ಬಂದು ಅಲ್ಲಿ ರೈಲು ಬದಲಿಸಿ ಬರುತ್ತಿದ್ದರು. ಅಮ್ಮನ ಫೋನಿಗೆ ನಾನು ಹರಕುಮುರುಕು ಕನ್ನಡದಲ್ಲಿ ಉತ್ತರಿಸಿದ್ದು ಕೇಳಿದ್ದೇ ತಡ, ಟವೆಲು ರಾಶಿಯ ಹಿಂದಿನಿಂದ ಮುಖ ಹೊರಬಂತು.

“ಕನ್ನಡದವರಾ ನೀವು? ಎಂತ, ಪರೀಕ್ಷೆಗೆ ಓದುದಾ?”

“ಸಂಶೋಧನೆ.”

“ಆಯ್ತು, ಮಾಡಿ. ಆದ್ರೆ ಆ ಚಾದರದ ಮೇಲೆ ಕೂತ್ಕೊಂಡು ಮಾಡ್ಬೇಡಿ, ಇಸ್ತ್ರಿ ಆಗಿದೆ ಅದು.”

ಒಂದು ಸ್ಟೂಲು ಕೊಟ್ಟರು, ಚಹಾ ಕೊಟ್ಟರು. ನಾನು ತಿಂಗಳುಗಟ್ಟಲೆ ಅಲ್ಲಿ ಕೂತು ಕಾರ್ಡು ಓದಿದೆ. ಎಂಥ ಅತಿಥಿಗಳು! ಇಂದೋರಿನಿಂದ ಬಂದ ಒಬ್ಬ ಎಂಜಿನಿಯರು ಬರೆದಿದ್ದ: ‘ನನ್ನ ಹೆಂಡತಿಗೂ ಸೊಂಟನೋವು ಇರುವುದರಿಂದ ಗಮನಿಸಿದೆ, ಕೋಣೆ ಒರೆಸುವ ತಂಗಿ ಬಾಗಲಾರದೆ ಬಾಗುತ್ತಾಳೆ. ಟ್ರಾಲಿಯ ಚಕ್ರ ಸರಿಮಾಡಿಸಿ.’ ಪುಣೆಯ ಒಬ್ಬ ಲೆಕ್ಕ ಪರಿಶೋಧಕ, ಚಾದರ ಮಡಚುವ ಕೋಣೆಯಲ್ಲಿ ಗಾಳಿಯಾಡುವುದಿಲ್ಲವೆಂದು ಮನನೊಂದಿದ್ದ. ಕೊಯಮತ್ತೂರಿನ ವಯಸ್ಸಾದ ಅತಿಥಿಯೊಬ್ಬರು, ಸಿಬ್ಬಂದಿಯ ಊಟದಲ್ಲಿ ವಾರಕ್ಕೆ ಎರಡು ದಿನವಾದರೂ ಮೊಸರಿದ್ದರೆ ಸೇವೆ ಇನ್ನೂ ನಗುಮುಖದಿಂದ ನಡೆದೀತೆಂದು ಸಲಹೆ ಕೊಟ್ಟಿದ್ದರು. ಲೋಕದ ವ್ಯಾಪಾರಸ್ಥರು ಇಷ್ಟು ಮೃದುಹೃದಯಿಗಳೆಂದು ನನಗೆ ಗೊತ್ತೇ ಇರಲಿಲ್ಲ.

ಕಾರ್ಡುಗಳನ್ನು ವಿಂಗಡಿಸಿ ಪಟ್ಟಿ ಮಾಡಿದಾಗ ಹಾಸಿಗೆ, ಇಂಟರ್ನೆಟ್ಟು, ತಿಂಡಿಗಳ ನಂತರ ಅತಿಥಿಯ ತೃಪ್ತಿಯ ನಾಲ್ಕನೆಯ ನಿರ್ಣಾಯಕ ಅಂಶವಾಗಿ ಹೊರಬಂದದ್ದು ಲಿನನ್ ರೂಮಿನ ಗಾಳಿ. ಗೈಡ್ ಸರ್ ಕುರ್ಚಿಯಿಂದ ಎದ್ದೇಬಿಟ್ಟರು.

“ಹೇ ತರ್ ಏಕದಮ್ ನವೀನ್ ಆಹೆ! ಹೊಚ್ಚಹೊಸದು! ಜಗತ್ತಿನಲ್ಲಿ ಯಾರೂ ಕಂಡಿಲ್ಲ ಇದನ್ನು!”

ಯಾರೂ ಯಾಕೆ ಕಂಡಿಲ್ಲ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ತೆರೆಮರೆಯ ಸಿಬ್ಬಂದಿಯ ಬಗ್ಗೆ ಅತಿಥಿಗಿರುವ ಈ ಕಾಳಜಿಗೆ ಅವರು ‘ಹಿಂಬದಿ ಸಹಾನುಭೂತಿ’ ಎಂದು ನಾಮಕರಣ ಮಾಡಿದರು. ಕಾಲೇಜಿನ ಸೆಮಿನಾರಿನಲ್ಲಿ ನಾನು ಸ್ಲೈಡು ತೋರಿಸಿ ಮಂಡಿಸಿದೆ. ಚಪ್ಪಾಳೆ ಬಿತ್ತು. ಅತಿಥಿಗಳ ಅಂತಃಕರಣದ ಬಗ್ಗೆ ಪ್ರಾಂಶುಪಾಲರು ಎರಡು ಮಾತು ಆಡಿದರು.

ಮರುದಿನ ಅದೇ ಸ್ಲೈಡಿನ ಪ್ರಿಂಟು ಹಿಡಿದು ಲಿನನ್ ರೂಮಿಗೆ ಓಡಿದೆ. ಬಾಯಿಯವರಿಗೆ ಖುಷಿಯಾದೀತೆಂದು ವಿವರಿಸತೊಡಗಿದೆ. ಅವರು ಕನ್ನಡಕ ಹಾಕಿ ನಿಧಾನಕ್ಕೆ ಓದಿದರು. ಆಮೇಲೆ ಬಾಗಿಲು ಮುಂದೆ ಮಾಡಿದರು.

“ಇದನ್ನ ಎಷ್ಟು ಜನಕ್ಕೆ ತೋರಿಸಿದ್ರಿ?”

“ಇಡೀ ಕಾಲೇಜಿಗೆ.”

“ಅಯ್ಯೋ ಮಾರಾಯ್ತಿ. ಅದೆಲ್ಲ ನಾನೇ ಬರೆದದ್ದು.”

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಪ್ರತಿ ತಿಂಗಳೂ ಇಷ್ಟು ಕಾರ್ಡು ಬರಲೇಬೇಕೆಂದು ಹೆಡ್ ಆಫೀಸಿನ ಹುಕುಂ. ಅತಿಥಿಗಳು ಬರೆಯುವುದಿಲ್ಲ. ಖಾಲಿ ಕಾರ್ಡುಗಳ ಕಟ್ಟನ್ನು ರಿಸೆಪ್ಶನ್ನಿನವರು ‘ಕುಛ್ ಭೀ ಲಿಖ್ ದೋ’, ಏನಾದರೂ ಗೀಚಿಕೊಡಿ ಎಂದು ಕೆಳಗೆ ತಳ್ಳುತ್ತಾರೆ. ಬಾಯಿಯವರು ಮದುವೆಗೆ ಮುಂಚೆ ಊರಲ್ಲಿ ಪಿಯುಸಿ ಓದಿದ್ದರು, ಇಂಗ್ಲಿಷು ಬರುತ್ತಿತ್ತು. ಕಾರ್ಡಿಗೊಂದು ಪೆನ್ನು ಬದಲಿಸಿ, ಅಕ್ಷರವನ್ನೂ ಒಮ್ಮೆ ನೆಟ್ಟಗೆ ಒಮ್ಮೆ ಓರೆಯಾಗಿ ಮಾಡಿ, ಮೊದಮೊದಲು ‘ಗುಡ್’, ‘ವೆರಿ ಗುಡ್’ ಎಂದೇ ಬರೆದರಂತೆ.

“ಮತ್ತೆ ಒಂದ್ಸಲ ತಲೆಗೆ ಹೊಳೀತು. ಎಕ್ಸಾಸ್ಟ್ ಫ್ಯಾನ್ ಬೇಕು ಅಂತ ನಾವು ಎರಡು ವರ್ಷ ಕೇಳಿದ್ದೆವು. ಕಿವಿಗೇ ಹಾಕ್ಕೊಳ್ಲಿಲ್ಲ. ಗೆಸ್ಟ್ ಬರೆದ ಅಂತ ಗೊತ್ತಾದದ್ದೇ, ಎಂಟು ದಿನದಲ್ಲಿ ಬಂತು ನೋಡಿ.” ಅವರು ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ ಕೈ ತೋರಿಸಿದರು. “ಮೊಸರು ಮಾತ್ರ ಇನ್ನೂ ಬರ್ಲಿಲ್ಲ.”

ನನಗೆ ಬಂದದ್ದು ಸಿಟ್ಟು. ನೈತಿಕ ಆಕ್ರೋಶ ಎಂದು ಬರೆದರೆ ಚಂದ ಕಾಣುತ್ತದೆ, ಆದರೆ ಅದು ನನ್ನ ವರ್ಷ ಹಾಳಾಯಿತೆಂಬ ಸಿಟ್ಟಷ್ಟೇ. “ನನ್ನ ನಾಲ್ಕನೇ ಅಧ್ಯಾಯ!” ಎಂದು ಕಿರುಚಿದೆ. ಕಣ್ಣಲ್ಲಿ ನೀರೂ ಬಂತು. ಅವರು ಒಂದು ಹೊಸ ಟವೆಲು ಕೊಟ್ಟರು. ಆಮೇಲೆ ಮೂರು ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನ ಜೊತೆ ಕೂತು, ‘ಇದು ನಂದು, ಇದು ನಂದಲ್ಲ’ ಎಂದು ಕಾರ್ಡು ಬೇರ್ಪಡಿಸಿದರು. ನಿಜವಾದ ಅತಿಥಿಗಳ ರಾಶಿ ತೀರಾ ಸಣ್ಣದಿತ್ತು. ಅವರಲ್ಲಿ ಹೆಚ್ಚಿನವರು ‘ಎ.ಸಿ.’ ಎಂದಷ್ಟೇ ಬರೆದಿದ್ದರು; ಒಬ್ಬ ಮೀನಿನ ಚಿತ್ರ ಬಿಡಿಸಿದ್ದ.

ಗೈಡ್ ಸರ್‌ಗೆ ಎಲ್ಲವನ್ನೂ ಹೇಳಲಿಲ್ಲ. ಕಾರ್ಡುಗಳ ಮೇಲೆ ಭರವಸೆ ಇಡುವಂತಿಲ್ಲ, ಕೆಲವನ್ನು ಅತಿಥಿಗಳು ಬರೆದಂತಿಲ್ಲ ಎಂದೆ.

“ಇನ್ನಾರಿಗೆ ಗೊತ್ತು?”

“ಯಾರಿಗೂ ಇಲ್ಲ ಸರ್.”

“ಮಗ್ ಠೀಕ್ ಆಹೆ,” ಎಂದು ನೆಮ್ಮದಿಯ ಉಸಿರು ಬಿಟ್ಟರು. “ಹಾಗಾದರೆ ಸರಿ, ಅಧ್ಯಾಯ ಇರಲಿ. ಚೆನ್ನಾಗಿದೆ.”

ಒಂದು ವಾರ ನಾನೂ ಅದನ್ನು ಇಟ್ಟುಕೊಂಡೇ ಇದ್ದೆ. ಸುಳ್ಳು ಸಂಶೋಧನೆ ಹೋಟೆಲಿಗೆ ತಲುಪಿದರೆ ಹೌಸ್‌ಕೀಪಿಂಗಿನ ಹೆಂಗಸರಿಗೆ ಮೊಸರು ಸಿಕ್ಕೀತು. ನಿಜ ಬರೆದರೆ ಬಾಯಿಯವರ ಕೆಲಸ ಹೋದೀತು. ಮೂರು ವರ್ಷ ಆತಿಥ್ಯ ಕಲಿಸಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಕೊನೆಗೆ ಕಾರ್ಡುಗಳ ಪ್ರಸ್ತಾಪವನ್ನೇ ತೆಗೆದುಹಾಕಿದೆ. ಅದು ಧೈರ್ಯವೇನಲ್ಲ, ನನ್ನ ಹೆಸರಿನ ಕೆಳಗೆ ಕೊಯಮತ್ತೂರಿನ ಅಜ್ಜನ ಮೊಸರನ್ನು ಅಚ್ಚು ಹಾಕಿಸಲು ನಾಚಿಕೆಯಾಯಿತು. ಮತ್ತೆ ಪ್ರಶ್ನಾವಳಿ ಹಿಡಿದು ಐದು ವಾರ ಬೆಳಗಿನ ತಿಂಡಿಯ ಹೊತ್ತಿಗೆ ಇಡ್ಲಿಯ ಪಾತ್ರೆಯ ಪಕ್ಕ ನಿಂತೆ. ಬಾಯಿ ತುಂಬಿದ ಮನುಷ್ಯ ಓಡಿಹೋಗಲಾರ ಎಂಬುದೊಂದೇ ಆ ವರ್ಷ ನಾನು ಸ್ವಂತವಾಗಿ ಕಂಡುಹಿಡಿದ ಸಂಶೋಧನಾ ವಿಧಾನ. ಫಲಿತಾಂಶ: ವ್ಯಾವಹಾರಿಕ ಪ್ರವಾಸಿಗೆ ಒಳ್ಳೆಯ ಹಾಸಿಗೆ, ವೇಗದ ಇಂಟರ್ನೆಟ್ಟು ಬೇಕು. ಅಪ್ಪನೂ ಇಷ್ಟನ್ನು ಹೇಳಿಯಾರು.

ಆದರೂ ಶಿಫಾರಸುಗಳ ಕೊನೆಯಲ್ಲಿ ನನ್ನದೇ ಮಾತಾಗಿ ಒಂದು ಸಾಲು ಸೇರಿಸಿದೆ: ಟ್ರಾಲಿಗಳನ್ನು ರಿಪೇರಿ ಮಾಡಿಸಬೇಕು, ಸಿಬ್ಬಂದಿಯ ಊಟ ಸುಧಾರಿಸಬೇಕು. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಅದರ ಮೇಲೆ ಪೆನ್ನು ಊರಿದರು.

“ಇದಕ್ಕೆ ಡೇಟಾ ಎಲ್ಲಿದೆ?”

“ನಾನು ಅಲ್ಲಿ ಕೂತಿದ್ದೆ ಸರ್, ತಿಂಗಳುಗಟ್ಟಲೆ.”

“ಕೂತಿರುವುದು ಡೇಟಾ ಅಲ್ಲ,” ಎಂದು ಆ ಸಾಲು ಹೊಡೆದುಹಾಕಿದರು. ಆನರ್ಸ್ ಬಂತು, ದ್ವಿತೀಯ ದರ್ಜೆಯಲ್ಲಿ. ತಮ್ಮ ‘ಹಿಂಬದಿ ಸಹಾನುಭೂತಿ’ಯನ್ನು ಕಳೆದುಕೊಂಡ ಗೈಡ್ ಸರ್ ಆಮೇಲೆ ನನ್ನ ಮುಖ ನೋಡಿದರೂ ನೋಡದವರಂತೆ ಹೋಗುತ್ತಿದ್ದರು.

ಪ್ರಬಂಧದ ಒಂದು ಪ್ರತಿಯನ್ನು ಬಾಯಿಯವರಿಗೆ ಕೊಡಲು ಹೋದೆ. ಅವರು ಅದನ್ನು ಮನೆಗೆ ಒಯ್ದು, ರೈಲಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಓದಿ, ಎರಡು ವಾರದ ಮೇಲೆ ಫೋನು ಮಾಡಿದರು.

“ಪೂರ್ತಿ ಓದಿದೆ. ಎಲ್ಲ ಸರಿಯಾಗೇ ಬರ್ದಿದ್ದೀರಿ. ಆದ್ರೆ ಬೇಜಾರು ಮಾಡ್ಬೇಡಿ, ನಿಮ್ಮ ಗೆಸ್ಟ್‌ಗಳು ಭಾರೀ ಬೋರು ಮಾರಾಯ್ತಿ. ಹೆಂಡ್ತಿ ಸುದ್ದಿ ಇಲ್ಲ, ಮಕ್ಕಳ ಸುದ್ದಿ ಇಲ್ಲ.”

ಅಷ್ಟು ಹೇಳಿ, ಈ ತಿಂಗಳ ಕಾರ್ಡಿಗೆ ಮಧುರೈಯಿಂದ ಒಬ್ಬರು ಹೃದ್ರೋಗ ತಜ್ಞರು ಬಂದರೆ ಹೇಗೆ, ಊಟದಲ್ಲಿ ಮೊಸರು ಬೇಕೆಂದು ಡಾಕ್ಟರೇ ಬರೆದರೆ ಆದೀತಾ ಎಂದು ಕೇಳಿದರು. ನಾನು ಸ್ವಲ್ಪ ಯೋಚಿಸಿ, ಹೃದ್ರೋಗದವರಿಗಿಂತ ಹೊಟ್ಟೆಯ ಡಾಕ್ಟರು ಒಳ್ಳೆಯದು ಎಂದೆ.