ಕಚೇರಿ ಉಪಯೋಗಕ್ಕೆ ಮಾತ್ರ

ನನ್ನ ಅಕ್ಕ ಹದಿನೆಂಟು ವರ್ಷ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವ ಕೌಂಟರಿನಲ್ಲಿ ಕೂತವಳು. ಆ ಬ್ಯಾಂಕಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಕಾಗದ ಸಾಲದು ಎಂದು ಅವಳು ವಾಪಸ್ಸು ಕಳಿಸಿದವರು ನೆಟ್ಟಗೆ ರಸ್ತೆ ದಾಟಿ ನನ್ನ ಹತ್ತಿರ ಬರುತ್ತಿದ್ದರು. ಅಕ್ಕ ತಂಗಿ ಸೇರಿಕೊಂಡು ಊರು ದೋಚುತ್ತಿದ್ದಾರೆ ಎಂದು ಭಾವ ತಮಾಷೆ ಮಾಡುತ್ತಿದ್ದರು. ಕ್ಯೂನಲ್ಲಿ ನಿಂತವರು ಅಕ್ಕನಿಗೆ ಇಟ್ಟ ಹೆಸರು ‘ಇನ್ನೊಂದ್ ಕಾಪಿ ಮೇಡಂ’. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರಪಟ್ಟುಕೊಂಡದ್ದು ನಾನಂತೂ ಕಾಣೆ. ಒಳಗೊಳಗೇ ಹೆಮ್ಮೆಯಿತ್ತೇನೋ ಎಂದು ನನ್ನ ಗುಮಾನಿ.

ಅವಳು ಕೆಟ್ಟವಳಲ್ಲ. ಒಬ್ಬರ ಹತ್ತಿರ ಒಂದು ಕಾಫಿ ಕುಡಿದವಳಲ್ಲ, ಯಾರ ಮೇಲೂ ದನಿ ಎತ್ತಿದವಳಲ್ಲ. ಆದರೆ ನಿಯಮ ಎಂದರೆ ನಿಯಮ. ಮಧ್ಯಾಹ್ನ ಎರಡು ಹೊಡೆಯಿತೋ, ‘ಊಟದ ಸಮಯ’ ಎಂಬ ಬೋರ್ಡು ಕೌಂಟರಿನ ಮೇಲೆ ಬಂದು ಕೂರುತ್ತಿತ್ತು. ಆಗ ಎದುರಿಗೆ ಹೆತ್ತಮ್ಮ ನಿಂತಿದ್ದರೂ ಅವಳು ತಲೆ ಎತ್ತುತ್ತಿರಲಿಲ್ಲ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ನಮ್ಮಮ್ಮ ಒಮ್ಮೆ ಹಾಗೆ ನಿಂತು ಬಂದಿದ್ದಾಳೆ.

ಅಕ್ಕ ವಾಪಸ್ಸು ಕಳಿಸಿದವರಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಳು. ಮಗಳ ಸ್ಕಾಲರ್‌ಶಿಪ್ಪು ಖಾತೆಗೇ ಬರುವಂಥದ್ದು. ಖಾತೆ ತೆರೆಯಲು ವಿಳಾಸದ ದಾಖಲೆ ಬೇಕು. ಅವಳಿದ್ದದ್ದು ಹಾರ್ಡ್‌ವೇರ್ ಅಂಗಡಿಯ ಹಿಂದೆ, ತಗಡಿನ ಶೀಟು ಹೊದಿಸಿದ ಒಂದು ಕೋಣೆಯಲ್ಲಿ. ಅದಕ್ಕೆ ಬಾಡಿಗೆ ಕರಾರು ಎಲ್ಲಿಂದ ಬರಬೇಕು? ಮೂರು ಸಲ ಬಂದಳು. ಮೂರು ಸಲವೂ ನನ್ನ ಅಂಗಡಿಯಲ್ಲಿ ಹಳೇ ವಿಳಾಸದ ಅದೇ ಗುರುತಿನ ಕಾರ್ಡಿನ ಕಾಪಿ ತೆಗೆಸಿದಳು, ನಾನು ಮೂರು ಸಲವೂ ದುಡ್ಡು ತೆಗೆದುಕೊಂಡೆ. ನಾಲ್ಕನೇ ಸಲ ಅವಳು ಬರಲಿಲ್ಲ. ನಾವಿಬ್ಬರೂ ಅವಳನ್ನು ಮರೆತೆವು.

ಇಂಥ ಅಕ್ಕನಿಗೆ ನಲವತ್ನಾಲ್ಕನೇ ವಯಸ್ಸಿನಲ್ಲಿ ಪರದೇಶದಲ್ಲಿ ಒಂದು ವರ್ಷ ಓದುವ ಅವಕಾಶ ಸಿಕ್ಕಿತು, ವಿದ್ಯಾರ್ಥಿವೇತನದ ಸಮೇತ. ಓದಿನಲ್ಲಿ ಅವಳು ಅಂಥ ಚುರುಕೇನಲ್ಲ. ಅವಳ ಅರ್ಜಿಯ ಅಚ್ಚುಕಟ್ಟು ನೋಡಿಯೇ ಸೀಟು ಕೊಟ್ಟಿರಬೇಕು. ಭಾವ ಎರಡು ದಿನ ಮುಖ ಉಬ್ಬಿಸಿಕೊಂಡಿದ್ದು ಮೂರನೇ ದಿನ ತಾವೇ ಸೂಟ್‌ಕೇಸ್ ತಂದರು. ಅವಳು ಬ್ಯಾಂಕಿಗೆ ರಜೆ ಹಾಕಿ ಹೊರಟಳು.

ಅಲ್ಲಿ ಕಾಲಿಟ್ಟ ವಾರಕ್ಕೆ ಕಾಲೇಜಿನವರು ಒಂದು ಕಾಗದ ಕೊಟ್ಟರು. ತಿಂಗಳ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ಅಲ್ಲಿನ ಬ್ಯಾಂಕೊಂದರಲ್ಲಿ ಅವಳ ಸ್ವಂತ ಹೆಸರಿನ ಖಾತೆಯ ನಂಬರ್ ಒಪ್ಪಿಸಬೇಕು. ಇಲ್ಲದಿದ್ದರೆ ವಿದ್ಯಾರ್ಥಿವೇತನ ಪಟ್ಟಿಯಲ್ಲಿ ಅವಳ ನಂತರ ಇರುವವರಿಗೆ ಹೋಗುತ್ತದೆ. ಹೋದರೆ ಅಕ್ಕನ ಓದೂ ಹೋದಂತೆ, ಗಂಟು ಮೂಟೆ ಕಟ್ಟಿಕೊಂಡು ವಾಪಸ್ಸು ಬರುವುದೇ. ಅವಳು ಫೋನಿನಲ್ಲಿ ನಕ್ಕಳು. “ಖಾತೆ ತಾನೇ? ನನಗೆ ಖಾತೆ ತೆರೆಯೋದು ಹೇಳ್ಕೊಡ್ತಾರಾ?” ಎಂದಳು.

ಮೊದಲ ಸಲ ಹೋದಾಗ ವಿಳಾಸದ ದಾಖಲೆ ಕೇಳಿದರು. ಅವಳಿದ್ದದ್ದು ನಿವೃತ್ತ ಬಸ್ ಡ್ರೈವರ್ ಒಬ್ಬರ ಮನೆಯ ಮಾಳಿಗೆಯ ಕೋಣೆಯಲ್ಲಿ. ಇಳಿಜಾರು ಚಾವಣಿ, ಎದ್ದು ನಿಂತರೆ ತಲೆ ತಾಗುತ್ತದೆ. ಬಾಡಿಗೆ ಕೈಯಿಂದ ಕೈಗೆ, ರಸೀದಿ ಇಲ್ಲ. ಕೇಳಿದ್ದಕ್ಕೆ ಆತ, “ನಾನು ನಲವತ್ತು ವರ್ಷ ಬಸ್ಸು ಓಡಿಸಿದವನಮ್ಮ. ಚೀಟಿ ಹರಿದು ಕೊಡೋದು ಕಂಡಕ್ಟರ್ ಕೆಲಸ” ಎಂದರಂತೆ.

ನನಗೆ ಸಿಟ್ಟು ನೆತ್ತಿಗೇರಿತು. “ಪಾಸ್‌ಪೋರ್ಟ್ ಇದೆ, ಕಾಲೇಜಿನ ಕಾರ್ಡ್ ಇದೆ. ಇನ್ನೇನು ಬೇಕಂತೆ ಆ ಬ್ಯಾಂಕಿನವರಿಗೆ, ಜಾತಕವಾ?”

“ಸುಮ್ನಿರೇ. ಅವರು ಕೇಳೋದು ಸರಿಯಾಗೇ ಇದೆ. ನಾನಿದ್ರೂ ವಾಪಸ್ ಕಳಿಸ್ತಿದ್ದೆ” ಎಂದಳು ಅಕ್ಕ. ತನ್ನ ಕುತ್ತಿಗೆಗೆ ಬಂದಿದ್ದರೂ ವಾದ ಮಾಡಿದ್ದು ಬ್ಯಾಂಕಿನ ಪರವಾಗಿ!

ಎರಡನೇ ಸಲ ಕಾಲೇಜಿನಿಂದ ಪತ್ರ ಬರೆಸಿಕೊಂಡು ಹೋದಳು. ಅದರಲ್ಲಿ ಮನೆ ನಂಬರ್ ಇತ್ತು, ಮಾಳಿಗೆಯ ಕೋಣೆ ಎಂದಿರಲಿಲ್ಲ. ಮತ್ತೆ ವಾಪಸ್ಸು. ಆ ದಿನ ಅವಳು ಬ್ಯಾಂಕನ್ನು ಹೊಗಳಲಿಲ್ಲ. “ಕೊನೇ ಅಪಾಯಿಂಟ್‌ಮೆಂಟು ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಸಿಕ್ಕಿದೆ” ಎಂದಷ್ಟೇ ಹೇಳಿದಳು. ಮಾಳಿಗೆಯ ಕೋಣೆ ಇವಳಿಗೆ ಬಾಡಿಗೆಗೆ ಕೊಟ್ಟಿದೆ ಎಂದು ಡ್ರೈವರ್ ಹೆಸರಿನಲ್ಲಿ ತಾನೇ ದುಂಡಗೆ ಪತ್ರ ಬರೆದು, ಬೆಳಗ್ಗೆ ಅವರ ಚಹಾದ ಲೋಟದ ಪಕ್ಕ ಪೆನ್ನು ಸಮೇತ ಇಟ್ಟಳು. ಆತ ಮೂರು ಸಲ ಓದಿ ಸಹಿ ಹಾಕಿದರು.

ಶುಕ್ರವಾರ ಎಲ್ಲಾ ಕಾಗದವೂ ಇತ್ತು. ಕೌಂಟರಿನಲ್ಲಿ ಕೂತಿದ್ದವಳಿಗೆ ಮೂವತ್ತು ವರ್ಷವೂ ಆಗಿರಲಿಕ್ಕಿಲ್ಲ, ಮೇಜಿನ ತುದಿಯಲ್ಲಿ ಊಟದ ಡಬ್ಬಿ. ಅವಳು ಅರ್ಜಿ ಕೊಟ್ಟು ಪಾಸ್‌ಪೋರ್ಟಿನ ಕಾಪಿ ತರಲು ಒಳಗೆ ಎದ್ದು ಹೋದಳು. ಅಕ್ಕ ಪೆನ್ನು ತೆಗೆದು ಸರಸರನೆ ತುಂಬಿದಳು, ಒಂದು ಚಿತ್ತಿಲ್ಲ, ಒಂದು ತಿದ್ದಿಲ್ಲ. ತುಂಬಿ, ತನ್ನ ಸಹಿ ಹಾಕಿ, ಕೈ ಅಲ್ಲಿಗೇ ನಿಲ್ಲಲಿಲ್ಲ. ಕೆಳಗಡೆ ‘ಕಚೇರಿ ಉಪಯೋಗಕ್ಕೆ ಮಾತ್ರ’ ಎಂದಿದ್ದ ಚೌಕದಲ್ಲಿ ‘ದಾಖಲೆ ಪರಿಶೀಲಿಸಿದೆ, ಸರಿಯಿದೆ’ ಎಂದು ಬರೆದು, ಅದರಡಿ ಇನ್ನೊಂದು ಸಹಿ, ತಾರೀಖು, ಎರಡು ಗೆರೆ. ಹದಿನೆಂಟು ವರ್ಷದ ಕೈ ಅದು. ತನ್ನ ಖಾತೆಯನ್ನು ತಾನೇ ಮಂಜೂರು ಮಾಡಿಕೊಂಡಿತ್ತು.

ವಾಪಸ್ಸು ಬಂದ ಕೌಂಟರಿನವಳು ಅರ್ಜಿ ನೋಡಿದಳು, ಅಕ್ಕನನ್ನು ನೋಡಿದಳು. “ಇಲ್ಲಿ ಯಾಕೆ ಸಹಿ ಮಾಡಿದ್ರಿ?”

“ನಾನೂ ನಿಮ್ಮ ಹಾಗೇ... ನಮ್ಮೂರಲ್ಲಿ ಇದೇ ಕುರ್ಚಿ. ಅಭ್ಯಾಸ” ಎಂದು ಅಕ್ಕ ತೊದಲಿದಳು. ಎದುರಿನವಳು ನಗಲಿಲ್ಲ. ಅಲ್ಲಿ ಅರ್ಜಿಗೆಲ್ಲ ಕ್ರಮಸಂಖ್ಯೆ ಇದೆ. ಕೆಟ್ಟ ಅರ್ಜಿಯನ್ನು ರದ್ದು ಮಾಡಿ ಪುಸ್ತಕದಲ್ಲಿ ಬರೆಯಬೇಕು, ಹೊಸ ಅರ್ಜಿಗೆ ಹೊಸ ಅಪಾಯಿಂಟ್‌ಮೆಂಟು ಬೇಕು. ಅದು ಸಿಗುವುದು ಮಂಗಳವಾರ.

ಆಮೇಲೆ ನಡೆದದ್ದನ್ನು ಅಕ್ಕನಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಅವಳು ಬೇಡಿಕೊಳ್ಳಲಿಲ್ಲ. “ನಿಯಮದ ಪ್ರಕಾರ ನೀವೇನೂ ಮಾಡೋ ಹಾಗಿಲ್ಲ, ನನಗೆ ಗೊತ್ತು” ಎಂದು ಕಾಗದ ಜೋಡಿಸಿಕೊಂಡು ಎದ್ದಳು.

“ಕೂತ್ಕೊಳಿ” ಎಂದಳು ಆಕೆ. “ನಂಬರ್ ನಿಮಗೆ ಯಾವಾಗ ಬೇಕು?”

“ಇವತ್ತು ಸಂಜೆ ಐದಕ್ಕೆ.”

ಆಕೆ ಗಡಿಯಾರ ನೋಡಿದಳು. ಕೌಂಟರ್ ಮುಚ್ಚಿದೆ ಎಂಬ ಬೋರ್ಡನ್ನು ಜನರ ಕಡೆ ತಿರುಗಿಸಿ, ಮೇಜಿನ ತುದಿಯ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. “ಈಗಿಂದ ಒಂದು ಗಂಟೆ ನನ್ನ ಊಟದ ಹೊತ್ತು. ಅದಕ್ಕೆ ಯಾರ ಅಪಾಯಿಂಟ್‌ಮೆಂಟೂ ಬೇಕಾಗಿಲ್ಲ.” ಹಳೆಯ ಅರ್ಜಿಯನ್ನು ಪುಸ್ತಕದಲ್ಲಿ ರದ್ದು ಬರೆದಳು, ಹೊಸದು ತಂದಳು. ಅಕ್ಕ ತುಂಬುವಾಗ ಆಕೆ ಕೆಳಗಿನ ಚೌಕವನ್ನು ತನ್ನ ಅಂಗೈಯಿಂದ ಮುಚ್ಚಿಕೊಂಡು ಕೂತಳು. ಆಗ ಮಾತ್ರ ಇಬ್ಬರೂ ನಕ್ಕರಂತೆ. ನಾಲ್ಕೂಕಾಲಿಗೆ ಅಕ್ಕ ಕಾಲೇಜಿನ ಕಿಟಕಿಯಲ್ಲಿ ನಂಬರ್ ಒಪ್ಪಿಸಿದಳು.

ಮಾರನೆಯ ದಿನ ಅಂಗಡಿಗೆ ಫೋನ್ ಬಂತು. ಖುಷಿಯಲ್ಲಿ ಹಾರಾಡುತ್ತಿರುತ್ತಾಳೆ ಎಂದುಕೊಂಡರೆ ಅಳುತ್ತಿದ್ದಾಳೆ.

“ಆ ಇಸ್ತ್ರಿಯವಳು ನೆನಪಿದಾಳೇನೇ?”

“ಯಾವ ಇಸ್ತ್ರಿಯವಳು?” ಎಂದೆ. ಹೇಳುವಷ್ಟರಲ್ಲಿ ನೆನಪಾಯಿತು.

“ಕಾಗದ ಇಲ್ಲದಿದ್ರೆ ನಾವೇ ಮನೆಗೆ ಹೋಗಿ ನೋಡಿ ಬರೆದುಕೊಳ್ಳೋಕೆ ಅವಕಾಶ ಇತ್ತು ಕಣೇ. ನನಗೆ ಗೊತ್ತಿತ್ತು. ಯಾರು ಎದ್ದು ಹೋಗ್ತಾರೆ ಅಂತ ಅವಳಿಗೆ ಹೇಳಲೇ ಇಲ್ಲ.” ಮೂಗು ಒರೆಸಿಕೊಂಡಳು. “ನನ್ನ ಜಾಗದಲ್ಲಿ ಕೂತಿರೋರಿಗೆ ಫೋನ್ ಮಾಡಿದೀನಿ. ಸೋಮವಾರ ನೀನು ಅವರನ್ನ ಕರ್ಕೊಂಡು ಹೋಗು.”

ಅವಳ ಜಾಗದಲ್ಲಿ ಇದ್ದವರು ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಗುಮಾಸ್ತರು. ದಾರಿಯುದ್ದಕ್ಕೂ ಮೊಣಕಾಲು ನೋವೆಂದು ಗೊಣಗಿದರು. ಹಾರ್ಡ್‌ವೇರ್ ಅಂಗಡಿಯ ಪಕ್ಕದ ಸಂದಿಯಲ್ಲಿ ಇಸ್ತ್ರಿ ಮೇಜು, ಅದರ ಹಿಂದೆ ಬಾಗಿಲು. ಇಸ್ತ್ರಿಯವಳು ಗುಮಾಸ್ತರ ಕುತ್ತಿಗೆಯಲ್ಲಿದ್ದ ಬ್ಯಾಂಕಿನ ಕಾರ್ಡು ನೋಡಿದಳು, ನನ್ನನ್ನು ನೋಡಿದಳು. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದಳು. ಮೂರು ಸಲದ ಕಾಪಿಗಳೂ ಮಡಿಕೆ ಮುರಿಯದೆ ಅದರಲ್ಲಿದ್ದವು. ಆಮೇಲೆ ಸೆರಗಿನ ಗಂಟು ಬಿಚ್ಚಿ ನನ್ನ ಕಡೆ ಚಿಲ್ಲರೆ ಚಾಚಿದಳು.

“ಇನ್ನೆಷ್ಟು ಕಾಪಿ ಬೇಕಂತಮ್ಮ?”

ನಾಚಿಕೆಯಿಂದ ಅವಳ ಬೆರಳನ್ನು ಆ ಚಿಲ್ಲರೆಯ ಮೇಲೆ ಮಡಿಸಿದೆ. ಗುಮಾಸ್ತರೇ ಹೇಳಿದರು, “ಕಾಪಿ ಬೇಡಮ್ಮ. ಮನೆ ನೋಡೋಕೆ ಬಂದ್ವಿ, ಅಷ್ಟೇ.”

ಅವಳು ನಂಬಲಿಲ್ಲ. ನಂಬದೆಯೇ, ಮನೆಯಲ್ಲಿದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟಳು. ಮಗಳ ವಿಷಯ ಕೇಳಿದ್ದಕ್ಕೆ, “ಆ ವರ್ಷದ್ದು ಹೋಯ್ತು. ಅವಳೂ ಕೆಲಸಕ್ಕೆ ಹೋಗ್ತಾಳೆ ಈಗ. ಮುಂದಿನ ವರ್ಷದ ಅರ್ಜಿ ಕರೆದಿದಾರೆ, ಇನ್ನೂ ತಿಂಗಳಿದೆ” ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಗುಮಾಸ್ತರು ತಂದಿದ್ದ ಅರ್ಜಿಗೆ ಅವಳ ಸಹಿ ಹಾಕಿಸಿಕೊಂಡು, ಕೆಳಗಿನ ಚೌಕದಲ್ಲಿ ‘ಖುದ್ದು ನೋಡಿದೆ. ಇಲ್ಲಿಯೇ ವಾಸ’ ಎಂದು ಬರೆದು ತಮ್ಮ ಸಹಿ ಹಾಕಿದರು. ನಾನು ಅದರ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿದಳು. ಹುಡುಗಿಯ ವಿಷಯ ಹೇಳಿದೆ, ಕೇಳಿಸಿಕೊಂಡಳು.

“ಎಷ್ಟು ಹೊತ್ತು ಹಿಡೀತೇ?” ಎಂದಳು.

“ಇಪ್ಪತ್ತು ನಿಮಿಷ. ನಡೆದು ಹೋಗಿ ಬಂದಿದ್ದೂ ಸೇರಿ” ಎಂದೆ.